ತಕರಾರು ಏನೂ ಇಲ್ಲ

ಚಂಡೀಗಢ
12 ಮೇ 2024

ಪ್ರೀತಿಯ ಕಾಕಾ ಅವರಿಗೆ,

ತ್ರಿಶಲಾಳ ಜೈ ಜಿನೇಂದ್ರ. ಒಣದ್ರಾಕ್ಷಿಯ ಡಬ್ಬಿ ನಿನ್ನೆ ಬಂತು. ಇಡೀ ಲ್ಯಾಬಿಗೆ ಹಂಚಿ, ಒಂದು ಹಿಡಿಯಷ್ಟನ್ನು ಮೇಜಿನ ಖಾನೆಯಲ್ಲಿ ನನಗಾಗಿ ಬಚ್ಚಿಟ್ಟುಕೊಂಡಿದ್ದೇನೆ. ಈ ಸಲದ್ದು ಎಂದಿಗಿಂತ ದಪ್ಪ, ಎಂದಿಗಿಂತ ಸಿಹಿ. "ಇದು ಮಾಲಗಾಂವದ ನಮ್ಮ ತೋಟದ ಪೂರ್ವದ ತುಂಡಿನ ಬೆಳೆ. ನನ್ನ ಪ್ರೋಗ್ರಾಂ ಕಾವಲು ಕಾಯ್ದದ್ದು" ಎಂದು ಎಲ್ಲರೆದುರು ಜಂಬ ಕೊಚ್ಚಿಕೊಂಡೆ. ಅಪ್ಪ ಇಲ್ಲದ ನನ್ನನ್ನು ಸಾಕಿ ಓದಿಸಿದ್ದು ಆ ತೋಟವೇ ಅಲ್ಲವೇ? ಅದಕ್ಕೆ ನಾನೂ ಏನಾದರೂ ಮಾಡಿದೆ ಅನ್ನಿಸಿದಾಗ ಕಣ್ಣು ತುಂಬಿ ಬರುತ್ತದೆ.

ಫೋನಿನಲ್ಲಿ ನಾನು ಎಷ್ಟು ಕೂಗಿದರೂ ನೀವು "ಹಾಂ, ಹಾಂ, ಊಟ ಆತು" ಎನ್ನುತ್ತೀರಿ. ಅದಕ್ಕೇ ಈ ಸುದ್ದಿಯನ್ನು ಪತ್ರದಲ್ಲೇ ಬರೆಯುತ್ತಿದ್ದೇನೆ. ಈ ಪ್ರೋಗ್ರಾಂ ಮೂಲದಲ್ಲಿ ನನ್ನದಲ್ಲ ಎಂದು ನಿಮಗೆ ಗೊತ್ತು. ದೂರದೇಶದ ಗುಡ್ಡಗಳ ದ್ರಾಕ್ಷಿ ತೋಟಗಳಿಗಾಗಿ ಅಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟದ್ದು. ಮಳೆ, ಬಿಸಿಲು, ತೇವ ಲೆಕ್ಕ ಹಾಕಿ ಎಲೆಗೆ ಬೂಷ್ಟು ಹಿಡಿಸುವ ಡೌನಿ ರೋಗ ಬರುವ ಮುನ್ನವೇ ಹೇಳುತ್ತದೆ. ನಾನು ಅದನ್ನು ಹಾಗೇ ತಂದು, ನಮ್ಮ ಹವಾಮಾನ ಕೊಟ್ಟು, ಕನ್ನಡ ಕಲಿಸಿದೆ. ಬೆಳಿಗ್ಗೆ ನಿಮ್ಮ ಫೋನಿಗೆ "ಇಂದು ಔಷಧ ಹೊಡೆಯಿರಿ" ಅಥವಾ "ಎಲೆ ಒಣಗಿವೆ, ಇಂದು ಬೇಡ" ಎಂದು ಬರುತ್ತದಲ್ಲ, ಅದಷ್ಟೇ ನನ್ನ ಕೈಕೆಲಸ. ವಾರದ ಕೊನೆಗೆ, ಐತವಾರ, ಅದು ಕೇಳುತ್ತದೆ: ಹೇಳಿದ್ದು ಸರಿಯಾಗಿದ್ದರೆ ಒಂದು ಒತ್ತಿ, ತಪ್ಪಾಗಿದ್ದರೆ ಎರಡು ಒತ್ತಿ. ಕಳೆದ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಛಾಟಣಿಯಿಂದ ಕೊಯ್ಲಿನವರೆಗೆ ನಮ್ಮೂರಿನ ಬೆಳೆಗಾರರೆಲ್ಲ ಒಂದನ್ನೇ ಒತ್ತಿದ್ದಾರೆ. ಎರಡನ್ನು ಒಬ್ಬರೂ ಮುಟ್ಟಿಲ್ಲ!

ಇದನ್ನು ನೋಡಿ ವಿಜಯಪುರದ ಬೆಳೆಗಾರರ ಸಂಘದವರು ತಮಗೂ ಬೇಕು ಎನ್ನುತ್ತಿದ್ದಾರೆ. ಅವರವು ನೂರಾರು ತೋಟಗಳು. ನಮ್ಮ ಲ್ಯಾಬಿನ ಸಮಿತಿ ಒಪ್ಪಿದರೆ ಬರುವ ಛಾಟಣಿಗೆ ಅಲ್ಲೂ ಶುರು. ಒಪ್ಪದಿದ್ದರೆ ಪ್ರೋಗ್ರಾಂ ಬಂದ್ ಆಗುತ್ತದೆ, ಅದರ ಜೊತೆ ನನ್ನ ಈ ನೌಕರಿಯೂ. ಕಾಕೂಗೆ ಹೇಳಿ, ಕಣ್ಣಿನ ಪರೀಕ್ಷೆ ಮುಂದೂಡುವುದು ಬೇಡ.

ನಿಮ್ಮ
ತ್ರಿಶಲಾ


ಮಾಲಗಾಂವ
30 ಮೇ 2024

ಚಿ. ತ್ರಿಶಲಾಳಿಗೆ,

ಆಶೀರ್ವಾದ. ಚಂಡೀಗಢದ ನೀರು ಕುಡಿದರೂ ನಿನ್ನ ಕನ್ನಡ ಅಕ್ಷರ ಕೆಟ್ಟಿಲ್ಲ. ನನ್ನ ಶಾಲೆಯಲ್ಲಿ ಸ್ಲೇಟು ಹಿಡಿದು ಕುಳಿತ ಮಕ್ಕಳಲ್ಲಿ ಈಗಲೂ ನನಗೆ ಕನ್ನಡದಲ್ಲಿ ಪತ್ರ ಬರೆಯುವವಳು ನೀನೊಬ್ಬಳೇ. ನಮ್ಮದು ಮಹಾರಾಷ್ಟ್ರದ ಊರು, ಉಳಿದವರು ರಸ್ತೆಯಲ್ಲಿ ಕಂಡರೆ ಮರಾಠಿಯಲ್ಲಿ ನಮಸ್ಕಾರ ಹೇಳಿ ಗಾಡಿ ಓಡಿಸುತ್ತಾರೆ.

ಒಣದ್ರಾಕ್ಷಿಯನ್ನು ಅಷ್ಟೊಂದು ಹೊಗಳಬೇಡ. ದ್ರಾಕ್ಷಿ ಎಂದ ಮೇಲೆ ಸಿಹಿ ಇದ್ದೇ ಇರುತ್ತದೆ. ನಿನ್ನ ಪ್ರೋಗ್ರಾಂನಿಂದ ನನಗೆ ಆದ ದೊಡ್ಡ ಉಪಕಾರ ಬೇರೆ. ಔಷಧ ಹೊಡೆದ ದಿನ ನನಗೆ ಅನ್ನ ಸೇರುವುದಿಲ್ಲ ಎಂದು ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀ. ಎಷ್ಟು ಹುಳು, ಎಷ್ಟು ಜೀವ! ದ್ರಾಕ್ಷಿ ಹಚ್ಚಿದ ಮೇಲೆ ಹೊಡೆಯದೆ ಗತಿಯಿಲ್ಲ, ಹೊಡೆದರೆ ಮನಸ್ಸಿಗೆ ಸಮಾಧಾನವಿಲ್ಲ. "ಇಂದು ಬೇಡ" ಎಂಬ ಸಂದೇಶ ಬಂದ ಬೆಳಿಗ್ಗೆ ನಾನು ಬಸದಿಗೆ ಹಗುರಾಗಿ ನಡೆದು ಹೋಗುತ್ತೇನೆ. ಇದನ್ನು ನಿನ್ನ ಸಮಿತಿಗೆ ಬೇಕಾದರೆ ಹೇಳು.

ನಿನ್ನ ಕಾಕೂಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಿರಜಿನ ಆಸ್ಪತ್ರೆಗೆ ಹೋಗೋಣವೆಂದರೆ ಮಳೆ ಬೀಳಲಿ, ಎಮ್ಮೆ ಈಯಲಿ ಎಂದು ದಿನ ತಳ್ಳುತ್ತಾಳೆ. ಪೂರ್ವದ ತುಂಡಿನ ಬಗ್ಗೆ ಬರೆಯುವಂಥದ್ದು ಏನಿದೆ? ಬಳ್ಳಿಗಳು ನಿಂತಿವೆ. ತಕರಾರು ಏನೂ ಇಲ್ಲ.

ನಿನ್ನ ಕಾಕಾ
ಭೂಪಾಲ


ಚಂಡೀಗಢ
4 ಆಗಸ್ಟ್ 2024

ಪ್ರೀತಿಯ ಕಾಕಾ,

ಒಂದು ವಿಚಿತ್ರ ಪೇಚಿಗೆ ಸಿಕ್ಕಿದ್ದೇನೆ. ಸಮಿತಿಯ ಹಿರಿಯ ಮೇಡಂ ನನ್ನ ಅಂಕಿ ನೋಡಿ ಭೇಷ್ ಎನ್ನುತ್ತಾರೆಂದು ಕಾದಿದ್ದೆ. ಅವರು ಕನ್ನಡಕ ತೆಗೆದು, "ನಿಜವಾಗಿ ಬಳಸುವವರು ಬೈಯುತ್ತಾರಮ್ಮ. ನಿನ್ನನ್ನು ಒಬ್ಬರೂ ಬೈದಿಲ್ಲವಲ್ಲ, ಯಾಕೆ?" ಎಂದು ಕೇಳಿದರು.

ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿದೆ. ಮೂಲ ಪ್ರೋಗ್ರಾಂ ಬರೆದವರು ಒಂದು ಜಾಗ ಇಟ್ಟಿದ್ದಾರೆ, ಬಳಸುವವರು ಅಲ್ಲಿ ಬಂದು ಬರೆಯಲಿ ಎಂದು. ಅಲ್ಲಿ ಬರೀ ಜಗಳ. ಇದು ಕೆಟ್ಟಿದೆ, ಅದು ನಡೆಯುತ್ತಿಲ್ಲ, ನಿಮ್ಮ ಲೆಕ್ಕ ನಂಬಿ ಕೆಟ್ಟೆವು ಎಂದು ಯಾರ್ಯಾರೋ ಬೈದಿದ್ದಾರೆ. ಬರೆದವರು ಒಂದೊಂದಕ್ಕೂ ಉತ್ತರ ಕೊಟ್ಟು ತಿದ್ದಿದ್ದಾರೆ. ಹಾಗೆ ಬೈಸಿಕೊಂಡೇ ಅದು ಅಷ್ಟು ಗಟ್ಟಿಯಾಗಿದೆ. ನಮ್ಮ ಮಾಲಗಾಂವದಲ್ಲಿ ಮಾತ್ರ ಎಲ್ಲರಿಗೂ ಎಲ್ಲವೂ ಚೆಂದ!

ಅದಕ್ಕೆ ನಿಮ್ಮಿಂದ ಒಂದು ಕೆಲಸವಾಗಬೇಕು. ಊರಲ್ಲಿ ಒಂದು ಸುತ್ತು ಹಾಕಿ ನನಗೆ ತಕರಾರು ಕೂಡಿಸಿ ಕೊಡಿ. ಚಿಕ್ಕದಾದರೂ ಪರವಾಗಿಲ್ಲ. ಬೈದರೆ ಇನ್ನೂ ಒಳ್ಳೆಯದು. ವಿಜಯಪುರದವರಿಗೆ ಕೊಡುವ ಮೊದಲು ತಪ್ಪಿದ್ದರೆ ಗೊತ್ತಾಗಬೇಕು. ಒಮ್ಮೆ ಅಲ್ಲಿಗೆ ಹೋಯಿತೆಂದರೆ ಒಳ್ಳೆಯದೂ ಹೋಗುತ್ತದೆ, ಕೆಟ್ಟದ್ದೂ ಹೋಗುತ್ತದೆ.

ನಿಮ್ಮ
ತ್ರಿಶಲಾ


ಮಾಲಗಾಂವ
27 ಆಗಸ್ಟ್ 2024

ಚಿ. ತ್ರಿಶಲಾಳಿಗೆ,

ಆಶೀರ್ವಾದ. ನಿನ್ನ ಕಾಕೂಳ ಕಣ್ಣಿನ ಆಪರೇಶನ್ ಹೋದ ವಾರ ಮಿರಜಿನಲ್ಲಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಪೊಲೀಸ್ ಅಧಿಕಾರಿಯ ಹಾಗೆ ಕುಳಿತಿದ್ದಾಳೆ. ಓದುವುದು ಬರೆಯುವುದು, ಒಲೆಯ ಮುಂದೆ ನಿಲ್ಲುವುದು ಸದ್ಯ ಬಂದ್. ಸಾರಿಗೆ ಉಪ್ಪು ನಾನು ಹಾಕುತ್ತಿದ್ದೇನೆ, ಬೈಗುಳ ಅವಳು ಹಾಕುತ್ತಿದ್ದಾಳೆ.

ನೀನು ಹೇಳಿದ ಕೆಲಸಕ್ಕೆ ಹಾಲಿನ ಡೇರಿಗೆ ಹೋದೆ. ಬೆಳಿಗ್ಗೆ ಅಲ್ಲಿ ದ್ರಾಕ್ಷಿಯವರೆಲ್ಲ ಕ್ಯಾನು ಹಿಡಿದು ಸಿಗುತ್ತಾರೆ. "ನಮ್ಮ ತ್ರಿಶಲಾ ಕೇಳ್ಯಾಳ, ಆಕಿ ಪ್ರೋಗ್ರಾಂದಾಗ ಏನರೆ ತಕರಾರು ಇದ್ರ ಹೇಳ್ರಿ" ಎಂದೆ. ನಮ್ಮ ಗಡಿಯ ಬಾಂದಿನ ಆಚೆಯ ತೋಟದ ಬಾಪೂಸಾಹೇಬರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, "ಏನ್ರಿ ಗುರುಗಳ, ಮನಿ ಮಗಳು ಮಾಡಿದ್ದಕ್ಕ ಹೆಸರಿಟ್ಟು ತಪ್ಪ ತಗಿಯೂದೇನ್ರಿ? ನಾವೇನು ಅಂಥಾ ಮಂದಿ ಅನ್ಕೊಂಡ್ರೇನು?" ಎಂದು ನನ್ನ ಮೇಲೆಯೇ ಸಿಟ್ಟಾದರು. ಬಸಲಿಂಗಪ್ಪ "ಬೆಸ್ಟ್ ಐತ್ರಿ, ಬೆಸ್ಟ್" ಎಂದು ಎರಡು ಸಲ ಹೇಳಿ ಸೈಕಲ್ ಹತ್ತಿದ. ಬಹಳ ಒತ್ತಾಯ ಮಾಡಿದ ಮೇಲೆ ಒಬ್ಬರು ಮಾತ್ರ, ಸಂದೇಶ ಕನ್ನಡದಲ್ಲಿ ಬರುವುದರಿಂದ ಮನೆಯ ಹುಡುಗರಿಗೆ ಓದಲು ಬರುವುದಿಲ್ಲ ಎಂದರು. ಅದನ್ನೂ ಹೇಳಿದ ಮೇಲೆ, "ತಕರಾರು ಅಂತ ಬರೀಬ್ಯಾಡ್ರಿ ಮತ್ತ" ಎಂದು ಕೈ ಹಿಡಿದುಕೊಂಡರು.

ನಮ್ಮ ಮಂದಿ ಹೀಗೆ. ಬೀಗರ ಮನೆಯ ಊಟದಲ್ಲಿ ಉಪ್ಪಿಲ್ಲದಿದ್ದರೂ ಎರಡನೇ ಸಲ ಹಾಕಿಸಿಕೊಂಡು ಉಣ್ಣುವವರು. ಅದಕ್ಕೆ ನಾನೂ ಹೊರತಲ್ಲ. ನಿನ್ನ ಮೇಡಂಗೆ ಹೇಳು, ಮಾಲಗಾಂವದಲ್ಲಿ ತಕರಾರು ಸಿಗಲಿಲ್ಲ.

ನಿನ್ನ ಕಾಕಾ
ಭೂಪಾಲ


ಚಂಡೀಗಢ
8 ಸೆಪ್ಟೆಂಬರ್ 2024

ಪ್ರೀತಿಯ ಕಾಕಾ,

ಡೇರಿಯ ವರದಿ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮೇಡಂಗೂ ಹಿಂದಿಯಲ್ಲಿ ಓದಿ ಹೇಳಿದೆ. ಅವರು ನಕ್ಕರು, ಆದರೆ ತಲೆ ಅಲ್ಲಾಡಿಸುವುದನ್ನು ಬಿಡಲಿಲ್ಲ. ಉಳಿದವರು ಒಪ್ಪಿದ್ದಾರೆ. ವಿಜಯಪುರದಲ್ಲಿ ಅಕ್ಟೋಬರಿನ ಛಾಟಣಿಯಿಂದಲೇ ಶುರು ಮಾಡುತ್ತೇವೆ!

ಸಮಿತಿಗೆ ಕೊಟ್ಟ ನನ್ನ ವರದಿಯ ಮೊದಲ ಪುಟದಲ್ಲಿ ನಿಮ್ಮ ಪೂರ್ವದ ತುಂಡಿದೆ. ಔಷಧ ಕಡಿಮೆ, ಬೆಳೆ ಪೂರ್ತಿ ಎಂದು ಬರೆದಿದ್ದೇನೆ. ವಿಜಯಪುರದ ಸಂಘದ ಕಾರ್ಯದರ್ಶಿ ಬಹಳ ಮಾತಿನ ಮನುಷ್ಯರಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ, "ನಿಮ್ಮ ಸ್ವಂತ ಕಾಕಾ ಇದನ್ನ ನಂಬಿ ತೋಟ ಇದರ ಕೈಗೆ ಬಿಟ್ಟಾರೇನ್ರಿ ಮೇಡಂ?" ಎಂದರು. "ಬಿಟ್ಟಾರ್ರಿ" ಎಂದೆ. "ಹಂಗಾದ್ರ ಸಾಕು" ಎಂದು ಎದ್ದು ಕೈಕುಲುಕಿದರು.

ದಶಲಕ್ಷಣ ಪರ್ವ ಶುರುವಾಗಿರಬೇಕು. ಉಪವಾಸವೆಂದು ಹಟ ಹಿಡಿದು ಕಾಕೂ ಕಣ್ಣಿನ ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ.

ನಿಮ್ಮ
ತ್ರಿಶಲಾ


ಮಾಲಗಾಂವ
20 ಸೆಪ್ಟೆಂಬರ್ 2024

ಚಿ. ತ್ರಿಶಲಾಳಿಗೆ,

ಇದು ನನ್ನ ಪತ್ರವಲ್ಲ. ನಿನ್ನ ಕಾಕೂ ಮಾಣಿಕಬಾಯಿ ಹೇಳುತ್ತಾಳೆ, ನಾನು ಬರೆಯುತ್ತಿದ್ದೇನೆ. ಒಂದಕ್ಷರ ಬದಲಿಸಿದರೂ ಬಾಪೂಸಾಹೇಬರ ಸೊಸೆಯಿಂದ ಓದಿಸಿ ಹಿಡಿಯುತ್ತೇನೆ ಎಂದು ಮೊದಲೇ ಹೆದರಿಸಿದ್ದಾಳೆ.

ತ್ರಿಶಲಾ, ಬಾಳಾ, ಹೆಂಗದೀ? ಫೋನಿನ್ಯಾಗ ಹೇಳಬ್ಯಾಡ ಅಂತ ನಿಮ್ಮ ಕಾಕಾ ನನ್ನ ಕಡಿಂದ ಆಣಿ ಹಾಕಿಸ್ಕೊಂಡಾರ. ಪತ್ರದ ಮಾತು ಆಣ್ಯಾಗ ಇರಲಿಲ್ಲ, ಅದಕ್ಕ ಬರಸಾಕತ್ತೇನಿ. ಮೊನ್ನೆ ಕ್ಷಮಾವಾಣಿ ಆತು. ಇವ್ರು ಓಣ್ಯಾಗ ಸಣ್ಣವರು ದೊಡ್ಡವರು ಎಲ್ಲಾರ ಮುಂದೂ ಕೈ ಮುಗದು ಕ್ಷಮಾ ಬೇಡಿ ಬಂದ್ರು. ನಿನಗ ವರ್ಷಾ ಬರೀತಿದ್ರು, ಈ ವರ್ಷ ಪೆನ್ನು ಹಿಡದು ಕುಂತ್ರು, ಬರೀಲಿಲ್ಲ. ಮಾಡಿದ್ದು ಹೇಳದ ಕ್ಷಮಾ ಹೆಂಗ ಬೇಡೂದು?

ಹೋದ ದೀಪಾವಳಿ ಮುಂದ ನಮ್ಮ ಪೂರ್ವದ ತುಂಡ ಪೂರಾ ಹೋತು.

(ಪೂರಾ ಅಲ್ಲ, ಮುಕ್ಕಾಲು. ಭೂಪಾಲ)

ಏನ ಬರದ್ರಿ ಅದು? ಓದ್ರಿ. ಪೂರಾ ಅಂತ ಬರೀರಿ. ಎಲಿ ಹಿಂದ ಬಿಳಿ ಬೂಷ್ಟು ನನ್ನ ಮಂಜುಗಣ್ಣಿಗೂ ಕಂಡಿತ್ತು. "ಹೊಡೀರಿ" ಅಂದ್ನಿ. "ಇವತ್ತ ಬ್ಯಾಡ ಅಂತ ಬಂದೈತಿ" ಅಂದ್ರು. ಮರುದಿನಾನೂ ಬ್ಯಾಡ ಅಂತ ಬಂತು. "ಮಗಳಿಗಿಂತ ನಿನಗ ಹೆಚ್ಚ ಗೊತ್ತೈತೇನು?" ಅಂದ್ರು. ವಾರದಾಗ ಗೊನಿ ಕರ್ರಗಾಗಿ ಉದುರಿ ಬಿದ್ವು. ಆ ಐತವಾರ ಫೋನು ಕೇಳ್ತು, ಇವ್ರು ಒಂದ ಒತ್ತಿದ್ರು. ನಾ ಬಾಜೂಕ ನಿಂತ ನೋಡೇನಿ.

ನೀ ಜಂಬ ಕೊಚ್ಚಿದ ಒಣದ್ರಾಕ್ಷಿ ಮಣೂಕ ಸಾಂಗ್ಲಿ ಪ್ಯಾಟ್ಯಾಗಿನ್ವು. ಇವ್ರು ಬಸ್ಸಿಗೆ ಹೋಗಿ ತಂದು ತುಂಬ್ಯಾರ. ಡಬ್ಬಿ ಅಷ್ಟ ನಮ್ಮದು.

ನಸಿಕಿನ್ಯಾಗ ಬಳ್ಳಿ ಹಬ್ಬಿದ ಮಂಡಪದ ಕೆಳಗ ಹೋದ್ರ ನನ್ನ ಸೆರಗು ತೊಯ್ತದ. ಬಿಸಲ ಏರೂ ತನಕ ಎಲಿ ಹಸೀನ ಇರ್ತಾವ. ನಿನ್ನ ಫೋನು ಎಲಿ ಒಣಗ್ಯಾವ ಅಂತದ. ಅದು ಯಾರ ತ್ವಾಟ ನೋಡಿ ಹೇಳ್ತದೋ ಏನೋ.

ಬರೇ ನಮ್ಮದ ಆಗಿದ್ರ ನಾನೂ ಬಾಯಿ ಮುಚ್ಚಿ ಕುಂದ್ರತಿದ್ನಿ. ಇನ್ನ ವಿಜಾಪುರದಾಗೂ ಇದನ್ನ ಕೊಡ್ತೀ ಅಂತ ನಿನ್ನ ಪತ್ರ ಓದಿ ಹೇಳಿದ್ರು. ಅಲ್ಲೂ ಒಬ್ಬಾಕಿ ಹಿಂಗ ಸೆರಗು ತೊಯಿಸ್ಕೊಂಡು ನಿಂತಿರ್ತಾಳ. ಆಕಿಗೆ ನೀ ಮಗಳಲ್ಲ, ಮಾಪ್ ಮಾಡಾಕ. ಹೊತ್ತಿಗೆ ಸರಿಯಾಗಿ ಉಣ್ಣು. ಆತು, ಇಷ್ಟ.

ಇಲ್ಲಿಗೆ ಅವಳ ಮಾತು ಮುಗಿಯಿತು. ಎಲ್ಲವೂ ನಿಜ, "ಪೂರಾ" ಎಂಬುದೂ ನಿಜ. ಉತ್ತಮ ಕ್ಷಮಾ, ಕ್ಷಮಿಸಿಬಿಡು.

ಭೂಪಾಲ


ಚಂಡೀಗಢ
1 ಅಕ್ಟೋಬರ್ 2024

ಕಾಕಾ,

ನಿಮ್ಮ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚು ದುಃಖವಾಗಿದೆ.

ಪತ್ರ ಬಂದ ದಿನವೇ ವಿಜಯಪುರಕ್ಕೆ ಫೋನ್ ಮಾಡಿ ನಿಲ್ಲಿಸಿದೆ. ಕಾರ್ಯದರ್ಶಿ, "ನಿಮ್ಮ ಕಾಕಾ ನಂಬ್ಯಾರ ಅಂದಿದ್ರಲ್ರಿ?" ಎಂದರು. "ನಂಬಿದ್ರು, ಅದಕ್ಕ ತ್ವಾಟ ಹೋತ್ರಿ" ಎಂದೆ. ಅವರು ಫೋನಿಟ್ಟರು. ಮೇಡಂ ಎದುರು ವರದಿಯ ಮೊದಲ ಪುಟ ಹಿಂತೆಗೆದುಕೊಂಡೆ.

ಕಾಕೂ ಕೇಳಿದ್ದು ಸರಿಯಾಗಿಯೇ ಇದೆ. ಪ್ರೋಗ್ರಾಂ ನೋಡುತ್ತಿದ್ದದ್ದು ನಮ್ಮ ತೋಟವನ್ನಲ್ಲ. ಆ ದೇಶದಲ್ಲಿ ಬಳ್ಳಿಗಳು ಸಾಲಾಗಿ, ಗಾಳಿಗೆ ಮೈಯೊಡ್ಡಿ ನಿಲ್ಲುತ್ತವೆ. ಬೆಳಗಿನ ಇಬ್ಬನಿ ಬೇಗ ಆರುತ್ತದೆ. ನಮ್ಮಲ್ಲಿ ತಲೆಯ ಮೇಲೆ ಮಂಡಪ, ಅದರಡಿ ತೇವ ಬಹಳ ಹೊತ್ತು ನಿಲ್ಲುತ್ತದೆ. ಅದನ್ನು ಲೆಕ್ಕಕ್ಕೆ ಹೇಳಿಕೊಡಬೇಕಿತ್ತು. ಆ ಮಂಡಪದ ಕೆಳಗೇ ಆಡಿ ಬೆಳೆದವಳು ನಾನು, ನನಗೂ ಹೊಳೆಯಲಿಲ್ಲ. ಅವತ್ತು ನೀವು ಎರಡು ಒತ್ತಿದ್ದರೆ ಅದೇ ವಾರ ತಪ್ಪು ಹುಡುಕುತ್ತಿದ್ದೆ.

ನನಗೆ ನೋವಾಗಬಾರದೆಂದು ಪೇಟೆಯ ಒಣದ್ರಾಕ್ಷಿ ತಿನ್ನಿಸಿದಿರಿ. ಪರೀಕ್ಷೆಯಲ್ಲಿ ತಪ್ಪು ಬರೆದಾಗ ನನಗೆ ಕೆಂಪು ಗೆರೆ ಎಳೆದು ಕೊಟ್ಟವರು ನೀವೇ. ಈಗ ಯಾಕೆ ಕೈ ಬರಲಿಲ್ಲ? ನಾನು ಅಷ್ಟು ದೊಡ್ಡವಳಾಗಿಬಿಟ್ಟೆನೇ?

ಕಾಕೂಗೆ ನನ್ನ ನಮಸ್ಕಾರ.

ತ್ರಿಶಲಾ


ಮಾಲಗಾಂವ
24 ನವೆಂಬರ್ 2024

ಚಿ. ತ್ರಿಶಲಾಳಿಗೆ,

ಆಶೀರ್ವಾದ ಬರೆಯುವ ಹಕ್ಕು ನನಗಿನ್ನೂ ಇದೆ ಎಂದುಕೊಂಡಿದ್ದೇನೆ. ನಿನಗೆ ಉತ್ತರ ಬರೆದು ಬರೆದು ಹರಿದು ಹಾಕಿದೆ. ಎಲ್ಲದರಲ್ಲೂ ನಾನು ನನ್ನನ್ನೇ ಸಮರ್ಥಿಸಿಕೊಳ್ಳುತ್ತಿದ್ದೆ. ಕೊನೆಗೆ ಪತ್ರ ಬಿಟ್ಟು ಡೇರಿಗೆ ಹೋದೆ.

ಎಲ್ಲರೂ ಇದ್ದ ಹೊತ್ತು ನೋಡಿ, "ಹೋದ ವರ್ಷ ನನ್ನ ಪೂರ್ವದ ತುಂಡ ಪೂರಾ ಹೋತು. ತ್ರಿಶಲಾನ ಪ್ರೋಗ್ರಾಂ ತಪ್ಪಿತ್ತು. ನಾ ಆಕಿಗೆ ಸುಳ್ಳ ಹೇಳಿದ್ನಿ" ಎಂದು ಗಟ್ಟಿಯಾಗಿ ಹೇಳಿದೆ. ಕಿವಿ ಕೇಳದವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ರಸ್ತೆಯಲ್ಲಿ ಹೋಗುವವರೂ ನಿಂತರಂತೆ. ಬಾಪೂಸಾಹೇಬರು ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ಗುರುಗಳ, ಸಿಟ್ಟಾಗಬ್ಯಾಡ್ರಿ. ಅದು ಬ್ಯಾಡ ಅಂದಾಗೂ ನಾ ಹೊಡದೇನಿ. ಒತ್ತೂದಷ್ಟ ಒಂದ ಒತ್ತೇನಿ, ನಿಮ್ಮ ಮಾನಕ್ಕ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ಊರು ನನ್ನ ಮಾನಕ್ಕಾಗಿ ಒಂದು ಒತ್ತಿತ್ತು, ನಾನು ನಿನ್ನ ಮಾನಕ್ಕಾಗಿ ಒತ್ತಿದ್ದೆ. ನಂಬಿ ಕೈಕಟ್ಟಿ ಕುಳಿತವನು ಇಡೀ ಮಾಲಗಾಂವದಲ್ಲಿ ನಾನೊಬ್ಬನೇ!

ಅಲ್ಲಿಂದ ಒಡ್ಡು ಒಡೆದಂತಾಯಿತು. ಸಂದೇಶ ಬರುವ ಹೊತ್ತಿಗೆ ಔಷಧ ಹೊಡೆಯುವ ಆಳು ಇನ್ನೊಬ್ಬರ ತೋಟಕ್ಕೆ ಹೋಗಿರುತ್ತಾನೆ ಎಂದು ಒಬ್ಬರು. ಕಾಲುವೆಯ ಬದಿಯ ತೋಟಕ್ಕೂ ಏರಿನ ತೋಟಕ್ಕೂ ಒಂದೇ ಮಾತು ಹೇಳುತ್ತದೆ ಎಂದು ಇನ್ನೊಬ್ಬರು. ನಮ್ಮ ತೋಟಕ್ಕೆ ಕೂಲಿಗೆ ಬರುವ ಕಾಡವ್ವ, "ಅದಕ್ಕ ಬೈಯಬೇಕಂದ್ರ ಎಷ್ಟು ಒತ್ತಬೇಕ್ರಿ?" ಎಂದು ಕೇಳಿದಳು. ಎಲ್ಲರಿಗೂ ನಿನ್ನ ನಂಬರ್ ಕೊಟ್ಟಿದ್ದೇನೆ. ನಿನಗೆ ಬಹಳ ತೊಂದರೆಯಾಗುತ್ತಿರಬೇಕು, ಅದಕ್ಕಾಗಿ ನನಗೆ ಸ್ವಲ್ಪವೂ ಬೇಸರವಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಹೌದು, ದೊಡ್ಡವಳಾಗಿಬಿಟ್ಟೆ ಎಂದುಕೊಂಡಿದ್ದೆ. ಕೆಂಪು ಗೆರೆ ಎಳೆದರೆ ನೀನು ಮತ್ತೆ ಬರೆಯದಿದ್ದರೆ ಎಂದು ಹೆದರಿದೆ.

ನಿನ್ನ ಕಾಕಾ
ಭೂಪಾಲ


ಚಂಡೀಗಢ
5 ಜನವರಿ 2025

ಪ್ರೀತಿಯ ಕಾಕಾ,

ಕಡೆಯ ಸಾಲು ಓದಿ ಲ್ಯಾಬಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಸಿಟ್ಟು ಯಾವತ್ತೋ ಇಳಿದಿತ್ತು, ಹೇಳಲು ನನಗೂ ಬಿಗುಮಾನ. ನಾನು ನಿಮ್ಮ ಮೇಲೆ ಕೂಗಾಡಬಹುದು, ನೀವು ನನಗೆ ಗೆರೆ ಎಳೆಯಬಹುದು. ಪತ್ರ ಬರೆಯುವುದನ್ನು ಮಾತ್ರ ಇಬ್ಬರೂ ಬಿಡುವುದು ಬೇಡ.

ಬಾಪೂಸಾಹೇಬರು ನನಗೆ ದಿನವೂ ಫೋನ್ ಮಾಡಿ ಬೈಯುತ್ತಾರೆ. ಮೊದಲು "ತಂಗಿ, ತಪ್ಪ ತಿಳ್ಕೋಬ್ಯಾಡ" ಎನ್ನುತ್ತಾರೆ, ಆಮೇಲೆ ಉಸಿರು ಬಿಡುವುದಿಲ್ಲ. ಊರಿನ ತಕರಾರನ್ನೆಲ್ಲ ಸಮಿತಿಯ ಮುಂದೆ ಇಟ್ಟೆ. ಮೇಡಂ ಓದುತ್ತ ಓದುತ್ತ ಅರಳಿದರು. "ಈಗ ನಿನ್ನ ಪ್ರೋಗ್ರಾಂ ಬಳಸುವವರು ಇದ್ದಾರೆ ಎಂದು ನಂಬುತ್ತೇನೆ" ಎಂದರು. ಕಾಕೂಳ ಸೆರಗಿನ ಮಾತನ್ನು ಮೂಲ ಪ್ರೋಗ್ರಾಂ ಬರೆದವರಿಗೂ ಕಳಿಸಿದೆ. ಅವರು ಮಂಡಪದ ಲೆಕ್ಕವನ್ನು ತಮ್ಮಲ್ಲೂ ಸೇರಿಸಿಕೊಳ್ಳುತ್ತಾರಂತೆ. ಬೇರೆ ದೇಶಗಳಲ್ಲೂ ಮಂಡಪದ ತೋಟಗಳಿವೆ, ಅವರಿಗೂ ಉಪಯೋಗವಾಗುತ್ತದೆ.

ಇನ್ನು ಕಷ್ಟದ ಮಾತು. ಮಂಡಪದ ಲೆಕ್ಕ ಸೇರಿಸಿದ್ದೇನೆ. ಆದರೆ ಸಮಿತಿ ಒಂದು ಷರತ್ತು ಹಾಕಿದೆ. ಹೊಸ ಲೆಕ್ಕವನ್ನು ಯಾರಿಗಾದರೂ ಕೊಡುವ ಮೊದಲು ಒಂದು ತೋಟದಲ್ಲಿ ಇಡೀ ಹಂಗಾಮು ಅದರ ಮಾತನ್ನೇ ನಡೆಸಿ ನೋಡಬೇಕು. ಹೊಡೆ ಎಂದರೆ ಹೊಡೆಯಬೇಕು, ಬೇಡ ಎಂದರೆ ರೋಗ ಕಣ್ಣಿಗೆ ಕಂಡರೂ ಕೈಕಟ್ಟಿ ನಿಲ್ಲಬೇಕು. ಬೆಳೆ ಹೋದರೆ ತುಂಬಿಕೊಡುವ ನಿಯಮ ನಮ್ಮಲ್ಲಿಲ್ಲ. ಮಾರ್ಚಿನೊಳಗೆ ಅಂಥ ತೋಟ ಸಿಗದಿದ್ದರೆ ಪ್ರೋಗ್ರಾಂ ಬಂದ್, ನಾನು ಬೇರೆ ಕೆಲಸ ಹುಡುಕಬೇಕು.

ಇದನ್ನು ನಾನು ಯಾರನ್ನೂ ಕೇಳಲಾರೆ. ನಿಮ್ಮನ್ನಂತೂ ಕೇಳುವುದೇ ಇಲ್ಲ. ನೀವು ಹೂಂ ಎಂದು ಬರೆಯುತ್ತೀರೆಂದು ಗೊತ್ತಿದ್ದೇ ಬೇಡ ಎನ್ನುತ್ತಿದ್ದೇನೆ. ನನಗಾಗಿ ಒಂದು ಸಲ ತೋಟ ಕಳೆದುಕೊಂಡದ್ದು ಸಾಕು.

ನಿಮ್ಮ
ತ್ರಿಶಲಾ


ಮಾಲಗಾಂವ
19 ಜನವರಿ 2025

ಚಿ. ತ್ರಿಶಲಾಳಿಗೆ,

ಆಶೀರ್ವಾದ. ಹೋದ ಸಲ ನಾನೊಬ್ಬನೇ ನಿರ್ಧಾರ ಮಾಡಿ ಕೆಡಿಸಿದ್ದೆ. ಈ ಸಲ ನಿನ್ನ ಪತ್ರವನ್ನು ಕಾಕೂಗೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿ ನಿರ್ಧಾರ ಅವಳಿಗೇ ಬಿಟ್ಟೆ. ಬೇಡ ಎಂದಿದ್ದರೆ ನಾನು ಎದುರಾಡುತ್ತಿರಲಿಲ್ಲ, ನಿನಗೂ ಹಾಗೇ ಬರೆಯುತ್ತಿದ್ದೆ.

ಅವಳು ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದಳು. ಈಗ ಕಣ್ಣು ನಿಚ್ಚಳವಾಗಿದೆ, ಒಂದೊಂದು ಬಳ್ಳಿಯನ್ನೂ ಮುಟ್ಟಿ ನೋಡುತ್ತಾಳೆ. ಪೂರ್ವದ ತುಂಡಿನಲ್ಲಿ ಈ ಸಲ ಗೊನೆಗಳು ಚೆನ್ನಾಗಿ ತುಂಬಿವೆ. ಬಾಪೂಸಾಹೇಬರನ್ನು ಕೇಳಿ ಕೇಳಿ ಔಷಧ ಹೊಡೆದು ಉಳಿಸಿಕೊಂಡದ್ದು. ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ನಾನು ಬಾಂದಿನ ಮೇಲೆ ಕಾಯುತ್ತ ಕುಳಿತೆ.

ತಿರುಗಿ ಬಂದವಳು ಮೊದಲು ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ಇನ್ನು ಮೇಲೆ ಐತವಾರ ಗುಂಡಿ ಒತ್ತುವವಳು ಅವಳೇ ಅಂತೆ. ನನ್ನ ಬೆರಳಿನ ಮೇಲೆ ಅವಳಿಗೆ ಭರವಸೆಯಿಲ್ಲ. ಆಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಅಕ್ಷರ ಬದಲಿಸದೆ ಬರೆಯುತ್ತಿದ್ದೇನೆ:

"ಬರುವ ಛಾಟಣಿಗೆ ಪೂರ್ವದ ತುಂಡ ಆಕಿಗೆ ಬಿಟ್ಟೇವಿ ಅಂತ ಬರೀರಿ. ಹೋದ್ರ ಹೋಗಲಿ, ನಾ ಅಳ್ತೇನಿ, ಬೈತೇನಿ, ಮತ್ತ ಮರುವರ್ಷ ಬೆಳೀತದ. ತಪ್ಪೂದಿದ್ರ ಆಕಿ ನಮ್ಮ ಮನ್ಯಾಗ ತಪ್ಪಲಿ. ಮಂದಿ ತ್ವಾಟದಾಗ ಬ್ಯಾಡ."

ನಿನ್ನ ಕಾಕಾ
ಭೂಪಾಲ